ನಾಲ್ಕು ತಿಂಗಳ ಪ್ರಾಜೆಕ್ಟು, ದಶಕಗಳ ನೊಣ

ಎಂಎಸ್ಸಿ ನಾಲ್ಕನೇ ಸೆಮಿಸ್ಟರ್ ಹತ್ತಿರ ಬಂತೆಂದರೆ ಹುಡುಗರ ಬಾಯಲ್ಲಿ ಒಂದೇ ಪ್ರಶ್ನೆ, 'ನಿನ್ನ ಗೈಡ್ ಯಾರು?' ಟಾಪಿಕ್ ಏನು ಅಂತ ಕೇಳುವವರು ಕಡಿಮೆ. ಅದೇನೋ ಸರಿಯಾಗಿಯೇ ಇದೆ ಬಿಡಿ. ಟಾಪಿಕ್ ಮರೆತುಹೋಗುತ್ತದೆ, ಗೈಡ್ ಮರೆಯುವುದಿಲ್ಲ, ಒಳ್ಳೆಯ ಕಾರಣಕ್ಕೋ ಕೆಟ್ಟ ಕಾರಣಕ್ಕೋ.

ನಾನು ಓದಿದ್ದು ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ. ಅಲ್ಲಿ ಪ್ರಾಜೆಕ್ಟು ಅಂದರೆ ಬಹಳ ಜನಕ್ಕೆ ನೊಣವೇ. ಮನೇಲಿ ಬಾಳೆಹಣ್ಣು ಕಳಿತರೆ ಸುತ್ತ ಹಾರಾಡುತ್ತಲ್ಲ, ಅದರ ಜಾತಿ, ಡ್ರೊಸೊಫಿಲ. ಪ್ರೊ. ಎಂ.ಆರ್. ರಾಜಶೇಖರ ಶೆಟ್ಟರ ಕಾಲದಿಂದ ಮೈಸೂರಲ್ಲಿ ಈ ನೊಣ ಸಾಕುತ್ತಾ ಬಂದಿದ್ದಾರೆ. ಈಗ ಅಲ್ಲಿ ಡ್ರೊಸೊಫಿಲ ಸ್ಟಾಕ್ ಸೆಂಟರ್ ಅಂತಲೇ ಒಂದಿದೆ. ಬೇರೆ ಬೇರೆ ಜಾತಿಯ, ಬೇರೆ ಬೇರೆ ಊರಿನ ನೊಣಗಳು ಬಾಟಲಿಗಳಲ್ಲಿ ತಲೆಮಾರಿನ ಮೇಲೆ ತಲೆಮಾರು ಬದುಕುತ್ತಿವೆ.

ಅವುಗಳ ಊಟದ ಬಗ್ಗೆ ಹೇಳಲೇಬೇಕು. ಒಂದು ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಗೋಧಿ ರವೆ, ಗಟ್ಟಿಯಾಗಲಿ ಅಂತ ಸ್ವಲ್ಪ ಅಗಾರ್, ಬೂಷ್ಟು ಹಿಡಿಯದಿರಲಿ ಅಂತ ಕೊನೆಯಲ್ಲಿ ಪ್ರೊಪಿಯೋನಿಕ್ ಆಸಿಡ್. ಆಸಿಡ್ ಹಾಕುವ ತನಕ ಅದು ಬರೀ ಸಜ್ಜಿಗೆ. ಘಮ್ಮಂತ ವಾಸನೆ. ಹಾಸ್ಟೆಲ್ ತಿಂಡಿ ಬಿಟ್ಟು ಬಂದ ದಿನ ಅದನ್ನ ಕಲಕುವುದು ನಿಜವಾಗಿ ಕಷ್ಟ. ಆಸಿಡ್ ಬಿದ್ದ ಮೇಲೆ ಮೂಗಿಗೆ ಹೊಡೆಯುತ್ತೆ, ಹಸಿವು ತಾನಾಗಿ ಹೋಗುತ್ತೆ.

ನಮ್ಮ ಗೈಡ್ ಮೇಡಂ ಮೊದಲ ವಾರ ನಮಗೆ ಕೊಟ್ಟ ಕೆಲಸ ಇಷ್ಟೇ: ಬಾಟಲಿ ತೊಳಿ, ಮೀಡಿಯಾ (ಅದೇ ನೊಣದ ಸಜ್ಜಿಗೆ) ಮಾಡು, ನೊಣ ಹಳೆ ಬಾಟಲಿಯಿಂದ ಹೊಸ ಬಾಟಲಿಗೆ ಬದಲಿಸು. ಇದೆಂಥ ರಿಸರ್ಚು ಅಂತ ನಾವು ಒಳಗೊಳಗೇ ಗೊಣಗಿದ್ದುಂಟು. ಆಮೇಲೆ ಒಂದು ದಿನ ಮೇಡಂ ಒಂದು ಬಾಟಲಿ ಎತ್ತಿ, 'ಇದರ ಮುತ್ತಜ್ಜಿಯರನ್ನ ಸಾಕಿದವರು ಈಗ ರಿಟೈರ್ ಆಗಿದಾರಮ್ಮಾ' ಅಂದರು. ಆಗ ನನಗೆ ಲೆಕ್ಕ ಹತ್ತಿತು.

ನಸುಟ ನೊಣದ ಕಥೆ ತಗೊಳ್ಳಿ. ಕೊಡಗಿನಿಂದ ತಂದ ಡ್ರೊಸೊಫಿಲ ನಸುಟಕ್ಕೆ ಎಂಟು ಕ್ರೋಮೋಸೋಮ್, ಅಂದರೆ ಜೀವಕೋಶದೊಳಗೆ ಜೀನ್‌ಗಳನ್ನ ಹೊತ್ತ ಎಳೆಗಳು. ಅದರ ಹತ್ತಿರದ ಸಂಬಂಧಿ, ಜಪಾನಿನ ಒಕಿನಾವಾ ಕಡೆಯ ಅಲ್ಬೊಮಿಕಾನ್ಸ್‌ಗೆ ಆರು. ಎರಡನ್ನೂ ಕೂಡಿಸಿದರೆ ಮರಿಗಳು ಹುಟ್ಟುತ್ತವೆ, ಆ ಮರಿಗಳಿಗೂ ಮರಿಗಳಾಗುತ್ತವೆ. ಪ್ರೊ. ಎಚ್.ಎ. ರಂಗನಾಥ್ ಮತ್ತು ಅವರ ಶಿಷ್ಯ ಪ್ರೊ. ಎನ್.ಬಿ. ರಾಮಚಂದ್ರ ಈ ಮಿಶ್ರ ಸಂತಾನವನ್ನ ಬಿಡದೆ ಸಾಕಿದರು, ನೂರಾರು ತಲೆಮಾರು. ಅಪ್ಪನ ಕಡೆಯೂ ಅಲ್ಲದ, ಅಮ್ಮನ ಕಡೆಯೂ ಅಲ್ಲದ, ತಮ್ಮದೇ ಕ್ರೋಮೋಸೋಮ್ ಜೋಡಣೆ ಇರುವ ವಂಶಗಳು ಲ್ಯಾಬಿನ ಬಾಟಲಿಯೊಳಗೇ ನೆಲೆಯಾದವು. ಅವಕ್ಕೆ ಸೈಟೋರೇಸ್ ಅಂತ ಹೆಸರಿಟ್ಟರು. ಹೊಸ ಜೀವಿಗಳು ಹೇಗೆ ಬೇರೆಯಾಗುತ್ತಾ ಹೋಗುತ್ತವೆ ಅನ್ನುವುದನ್ನ ಕಣ್ಣೆದುರೇ ನೋಡುವ ಅವಕಾಶ ಅದು. ಯಾವ ಒಬ್ಬ ವಿದ್ಯಾರ್ಥಿಯೂ ನಾಲ್ಕು ತಿಂಗಳಲ್ಲಿ ಮಾಡುವಂಥದ್ದಲ್ಲ. ಆದರೆ ನಾಲ್ಕು ತಿಂಗಳಿಗೆ ಬಂದವರು ಅದರಲ್ಲಿ ಒಂದು ತುಂಡು ಮಾಡಬಹುದು. ಈ ವಂಶದ ಹೆಣ್ಣು ಎಷ್ಟು ಮೊಟ್ಟೆ ಇಡುತ್ತೆ, ಆ ವಂಶದ ಗಂಡು ಎಷ್ಟು ಹೊತ್ತು ಕೂಡುತ್ತೆ, ರೆಕ್ಕೆ ಎಷ್ಟುದ್ದ. ಚಿಕ್ಕ ಪ್ರಶ್ನೆ, ನಿಜವಾದ ಉತ್ತರ, ಮುಂದಿನವರಿಗೆ ಉಪಯೋಗ.

ನಾನು ಹೇಳಬೇಕು ಅಂದುಕೊಂಡಿರುವುದು ಇದೇ. ಗೈಡ್ ಹತ್ತಿರ ತಮ್ಮದೇ ಒಂದು ಉದ್ದದ ಪ್ರಶ್ನೆ ಇದ್ದರೆ ವಿದ್ಯಾರ್ಥಿಯ ಗಿಡ್ಡ ಪ್ರಾಜೆಕ್ಟಿಗೂ ಅರ್ಥ ಇರುತ್ತೆ. ಇಲ್ಲದಿದ್ದರೆ ಏನಾಗುತ್ತೆ ಅಂತಲೂ ನೋಡಿದ್ದೇನೆ. ನನ್ನ ಗೆಳತಿಯೊಬ್ಬಳು ಬೇರೆ ಕಡೆ ಓದುತ್ತಿದ್ದಳು. ಅಲ್ಲಿ ವರ್ಷಕ್ಕೊಂದು ಹೊಸ ಟೈಟಲ್, ಯಾವುದೋ ಎಲೆ, ಅದರ ರಸ, ಅದನ್ನ ಪ್ಲೇಟಿನಲ್ಲಿ ಬೆಳೆಸಿದ ಯಾವುದೋ ಬ್ಯಾಕ್ಟೀರಿಯಾ ಮೇಲೆ ಹಾಕಿ ಸುತ್ತ ಬ್ಯಾಕ್ಟೀರಿಯಾ ಇಲ್ಲದೆ ಎಷ್ಟು ಜಾಗ ಖಾಲಿಯಾಯ್ತು ಅಂತ ಸ್ಕೇಲಿನಲ್ಲಿ ಅಳೆಯುವುದು. ಮುಂದಿನ ವರ್ಷ ಬೇರೆ ಎಲೆ. ಸೀನಿಯರ್ ಡಿಸರ್ಟೇಶನ್ ತೆಗೆದು ಎಲೆ ಹೆಸರು ಬದಲಾಯಿಸಿ ಬೈಂಡಿಂಗಿಗೆ ಕೊಟ್ಟವರೂ ಇದ್ದರಂತೆ. ಗೈಡ್ ಸಹಿ ಹಾಕಿದರು, ವೈವಾ ಮುಗೀತು. ಹುಡುಗರನ್ನ ಬೈದು ಏನು ಪ್ರಯೋಜನ? ಅವರ ಪಕ್ಕ ಕೂತು ಪ್ಲೇಟ್ ನೋಡಿದವರು ಯಾರಾದರೂ ಇದ್ದರಾ?

ಪಕ್ಕ ಕೂರುವುದು ಅಂದೆನಲ್ಲ, ಅದು ಸುಮ್ನೆ ಮಾತಿಗಲ್ಲ. ನೊಣದ ಮರಿಹುಳುವಿನ ಲಾಲಾಗ್ರಂಥಿಯಿಂದ ದೊಡ್ಡ ಕ್ರೋಮೋಸೋಮ್ ತೆಗೆಯುವ ಕೆಲಸ ಯಾವ ಮ್ಯಾನ್ಯುಯಲ್ ಓದಿದರೂ ಬರುವುದಿಲ್ಲ. ಎರಡು ಸೂಜಿ, ಒಂದು ಬಾಯಿ ಹತ್ತಿರ, ಇನ್ನೊಂದು ಮೈ ಮೇಲೆ. ಮೆತ್ತಗೆ ಎಳೆದರೆ ಗ್ರಂಥಿ ಆಚೆ ಬರುತ್ತೆ, ಜೋರಾದರೆ ಕೊಬ್ಬು ಬರುತ್ತೆ. ಆಮೇಲೆ ಆರ್ಸಿನ್ ಬಣ್ಣ, ಕವರ್‌ಸ್ಲಿಪ್, ಹೆಬ್ಬೆರಳಿನ ಒತ್ತು. ಎಷ್ಟು ಒತ್ತಬೇಕು ಅನ್ನುವುದಕ್ಕೆ ಅಳತೆ ಇಲ್ಲ. ಮೇಡಂ ನನ್ನ ಹೆಬ್ಬೆರಳ ಮೇಲೆ ತಮ್ಮ ಹೆಬ್ಬೆರಳಿಟ್ಟು ಒತ್ತಿ ತೋರಿಸಿದರು. ಲೆನ್ಸಿನಲ್ಲಿ ಪಟ್ಟೆಪಟ್ಟೆಯಾಗಿ ಕ್ರೋಮೋಸೋಮ್ ಹರಡಿಕೊಂಡಿತ್ತು.

ಹಾಗೇ ವರ್ಜಿನ್ ಕಲೆಕ್ಷನ್, ಅಂದರೆ ಇನ್ನೂ ಗಂಡಿನ ಜೊತೆ ಕೂಡದ ಹೆಣ್ಣು ನೊಣಗಳನ್ನ ಆರಿಸುವುದು. ಡ್ರೊಸೊಫಿಲದಲ್ಲೇ ಮೆಲನೋಗ್ಯಾಸ್ಟರ್ ಅಂತ ಒಂದು ಜಾತಿ. ಗೂಡಿನಿಂದ ಹೊರಬಂದ ಅದರ ಹೆಣ್ಣು ಸುಮಾರು ಎಂಟು ಗಂಟೆ ಕೂಡುವುದಿಲ್ಲ. ಅಷ್ಟರೊಳಗೆ ಗಂಡುಗಳಿಂದ ಬೇರೆ ಮಾಡಬೇಕು. ತಡವಾದರೆ ಅದರ ಹೊಟ್ಟೆಯಲ್ಲಿ ಯಾರ ವೀರ್ಯ ಸೇರಿದೆಯೋ ಗೊತ್ತಾಗುವುದಿಲ್ಲ, ಕ್ರಾಸ್ ಕೆಟ್ಟ ಹಾಗೆ. ನೊಣಕ್ಕೆ ಭಾನುವಾರ ಇಲ್ಲ, ದಸರಾ ರಜೆಯೂ ಇಲ್ಲ. ಊರಿಗೆ ಹೋಗುವಾಗ ಬಾಟಲಿಗಳನ್ನ ಯಾರಿಗೆ ಒಪ್ಪಿಸುತ್ತೀವಿ ಅನ್ನುವುದರಲ್ಲಿ ಲ್ಯಾಬಿನ ಸ್ನೇಹ, ಜಗಳ ಎಲ್ಲಾ ಇರುತ್ತಿತ್ತು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಫ್ಲೈ ರೂಮ್, ಅಂದರೆ ಇದೇ ನೊಣ ಸಾಕುತ್ತಿದ್ದ ಲ್ಯಾಬಿನ ಕಥೆ ನಮಗೆಲ್ಲ ಪಾಠದಲ್ಲಿತ್ತು. ಜೀನ್‌ಗಳ ಮೊದಲ ನಕ್ಷೆ ಬರೆದ ಸ್ಟರ್ಟವಂಟ್ 1911ರಲ್ಲಿ ಇನ್ನೂ ಡಿಗ್ರಿ ಹುಡುಗ. ಗುರುವಿನ ಹತ್ತಿರ ಮಾತಾಡುತ್ತಾ ಹೊಳೆದ ವಿಚಾರ, ಡೇಟಾ ಮನೆಗೆ ಒಯ್ದು ಹೋಮ್‌ವರ್ಕ್ ಬಿಟ್ಟು ರಾತ್ರಿಯೆಲ್ಲಾ ಕೂತು ಮಾಡಿದ. 1913ರ ಆ ಪೇಪರಿನಲ್ಲಿ ಹೆಸರು ಅವನೊಬ್ಬನದೇ. ಮಾರ್ಗನ್ನರ ಇನ್ನೊಬ್ಬ ಶಿಷ್ಯ ಬ್ರಿಡ್ಜಸ್ ಅಲ್ಲಿಗೆ ಸೇರಿದ್ದು ಬಾಟಲಿ ತೊಳೆಯಲು. 1933ರಲ್ಲಿ ನೊಬೆಲ್ ಬಂದಾಗ ಮಾರ್ಗನ್ ತಮ್ಮ ಮಕ್ಕಳ ಜೊತೆಗೆ ಇವರಿಬ್ಬರ ಮಕ್ಕಳಿಗೂ ಆ ಹಣದಲ್ಲಿ ಪಾಲು ಕೊಟ್ಟರು. ನಮ್ಮಲ್ಲಿ ಪೇಪರಿನಲ್ಲಿ ಹುಡುಗರ ಹೆಸರು ಎಷ್ಟನೆಯದು ಅನ್ನುವುದೇ ದೊಡ್ಡ ರಾಜಕೀಯ, ಹಣದ ಮಾತು ಬಿಡಿ.

ಈಗ ನಾನೇ ಒಂದು ಸಣ್ಣ ಊರಿನ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಒಳ್ಳೆಯ ಮೈಕ್ರೋಸ್ಕೋಪ್ ಇರುವುದು ಒಂದೇ. ಆದರೆ ಬೆಲ್ಲ, ರವೆ, ಕಳಿತ ಬಾಳೆಹಣ್ಣು ಎಲ್ಲಾ ಕಡೆ ಸಿಗುತ್ತೆ. ತೋಟದಲ್ಲಿ ಬಾಟಲಿ ಕಟ್ಟಿ ಯಾವ ತಿಂಗಳಲ್ಲಿ ಯಾವ ಜಾತಿ ನೊಣ ಬರುತ್ತೆ ಅಂತ ಬಿಎಸ್ಸಿ ಮಕ್ಕಳು ಬರೆದಿಡುತ್ತಿದ್ದಾರೆ. ಒಂದೇ ನೋಟ್‌ಬುಕ್, ಬ್ಯಾಚ್ ಬದಲಾದರೂ ಅದೇ ಮುಂದುವರಿಯುತ್ತೆ. ನನ್ನ ಷರತ್ತು ಅದೊಂದೇ.

ಇಂಥ ಊರುಗಳಲ್ಲಿ ಓದುತ್ತಿರುವವರು ಯಾರಾದರೂ ಇದನ್ನ ಓದುತ್ತಿದ್ದರೆ ಒಂದು ಮಾಹಿತಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೇಶದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯ ಎರಡು ತಿಂಗಳು ವಿದ್ಯಾರ್ಥಿಗಳನ್ನ ದೊಡ್ಡ ಲ್ಯಾಬುಗಳಿಗೆ ಕಳಿಸುತ್ತದೆ, ಸ್ಟೈಪೆಂಡೂ ಇರುತ್ತೆ. ಅರ್ಜಿಗೆ ನಿಮ್ಮನ್ನ ಬಲ್ಲ ಮೇಷ್ಟ್ರೊಬ್ಬರ ಪತ್ರ ಬೇಕು. ಕೇಳಲು ಸಂಕೋಚ ಬೇಡ. ನಮ್ಮ ಕಾಲೇಜಿನವರಾದರೆ ಸ್ಟಾಫ್ ರೂಮಿಗೆ ಬನ್ನಿ, ಮಧ್ಯಾಹ್ನದ ಮೇಲೆ ಇರುತ್ತೇನೆ.