‘ಪಿನ್ 4’ ಅಂತ ಬರೆದಿದ್ದು ನಾನೇ

ಬೆಳಗಾವಿಯಿಂದ ವಿಜಯಪುರ ಸುಮಾರು 200 ಕಿಲೋಮೀಟರ್. ಒಂದು ಹಳದಿ ತಂತಿಯನ್ನು ಒಂದು ಪಿನ್ನಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸೋಕೆ ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಬಂದವನು ನಾನು. ಜಮಖಂಡಿ ದಾಟುವವರೆಗೂ ತಪ್ಪು ಯಾರದ್ದು ಅನ್ನೋದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಅಲ್ಲಿ ವೈರಿಂಗ್ ಮಾಡಿದ ಹುಡುಗನದ್ದು, ಮತ್ತ್ಯಾರದ್ದು?

ಕೆಲಸ ದೊಡ್ಡದೇನಲ್ಲ. ಮಣೂಕ ಇಡುವ ಒಂದು ಕೋಲ್ಡ್ ಸ್ಟೋರೇಜ್. ತಿಕೋಟಾ, ಬಬಲೇಶ್ವರ, ಇಂಡಿ ಕಡೆಯ ರೈತರು ಬೇಸಿಗೆಯಲ್ಲಿ ದ್ರಾಕ್ಷಿ ಒಣಗಿಸಿ, ಒಳ್ಳೆ ರೇಟು ಬರಲಿ ಅಂತ ಮಣೂಕದ ಬಾಕ್ಸುಗಳನ್ನು ಇಂಥ ಕಡೆ ಇಟ್ಟು ಕಾಯುತ್ತಾರೆ. ಹೆಚ್ಚುಕಡಿಮೆ ನಾಲ್ಕು ಕೆಜಿ ಹಸಿ ದ್ರಾಕ್ಷಿ ಒಣಗಿದರೆ ಒಂದು ಕೆಜಿ ಮಣೂಕ, ಹಾಗಾಗಿ ಅಲ್ಲಿರೋದು ಬರೀ ಬಾಕ್ಸಲ್ಲ, ಒಂದಿಡೀ ವರ್ಷದ ದ್ರಾಕ್ಷಿ ತೋಟದ ದುಡಿಮೆ. ಹೊರಗೆ 40 ಡಿಗ್ರಿ ಬಿಸಿಲು, ಒಳಗೆ 4–5 ಡಿಗ್ರಿ ಚಳಿ. ಕರೆಂಟ್ ಹೋಗಿ, ಇಲ್ಲಾ ಯಾರೋ ಬಾಗಿಲು ಹಾಕೋದು ಮರೆತು ಒಳಗೆ ಬಿಸಿಯಾದರೆ ತಕ್ಷಣ ಗೊತ್ತಾಗಬೇಕು. ಅದಕ್ಕೆ ರಾಸ್ಪ್‌ಬೆರಿ ಪೈ 4 ಅನ್ನೋ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡ್, ಡಿಎಸ್18ಬಿ20 ಅನ್ನೋ ತಾಪಮಾನದ ಸೆನ್ಸರ್ ಆರು, ಪೈ ಹೇಳಿದಾಗ ಆನ್-ಆಫ್ ಆಗುವ ಸ್ವಿಚ್ಚಿನಂಥ ಒಂದು ರಿಲೇ, ಅದಕ್ಕೊಂದು ಹೂಟರ್. 8 ಡಿಗ್ರಿ ದಾಟಿದರೆ ಹೂಟರ್ ಕೂಗಬೇಕು.

ಈ ಸೆನ್ಸರ್ ನನಗಿಷ್ಟ. ಮೂರೇ ತಂತಿ: ಕೆಂಪು ಪವರ್, ಕಪ್ಪು ಗ್ರೌಂಡ್, ಹಳದಿ ಡೇಟಾ. ಆರೂ ಸೆನ್ಸರನ್ನು ಒಂದೇ ಡೇಟಾ ತಂತಿಗೆ ಹಾಕಬಹುದು, ಯಾಕಂದ್ರೆ ಪ್ರತಿಯೊಂದಕ್ಕೂ ಕಾರ್ಖಾನೆಯಲ್ಲೇ ಕೊಟ್ಟ 64 ಬಿಟ್‌ನ ಬೇರೆಬೇರೆ ಗುರುತಿನ ಸಂಖ್ಯೆ ಇರುತ್ತದೆ. ಕೆಂಪು ಮತ್ತು ಹಳದಿ ನಡುವೆ 4.7 ಕಿಲೋಓಮ್‌ನ ಒಂದು ರೆಸಿಸ್ಟರ್ ಹಾಕಿದರೆ ಮುಗೀತು.

ನಾನು ಬೆಳಗಾವಿಯಲ್ಲಿ ಕೂತು ಒಂದು ಹಾಳೆ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ಬರೆದೆ ಅನ್ನೋದಕ್ಕಿಂತ, ಹಳೆ ಸೈಟಿಗೆ ಮಾಡಿದ್ದ ಹಾಳೆಯನ್ನೇ ಮತ್ತೆ ತಳ್ಳಿದೆ. ಅದರಲ್ಲಿ ಒಂದು ಸಾಲು: ‘ಹಳದಿ ತಂತಿ ಪಿನ್ 4ಕ್ಕೆ.’ ಹುಡುಗ ಹಾಗೇ ಮಾಡಿದ. ಪೈ ಆನ್ ಆಯಿತು. ಸೆನ್ಸರ್ ಒಂದೂ ಕಾಣಲಿಲ್ಲ.

ಎರಡು ದಿನ ಫೋನಿನಲ್ಲೇ ಕುಸ್ತಿ. ‘ತಂತಿ ಸರಿ ಇದೆಯೇನೋ?’ ‘ಸರಿ ಐತ್ರಿ ಅಣ್ಣಾ.’ ‘ನಾಲ್ಕಕ್ಕೇ ಹಾಕಿದ್ದೀಯಾ?’ ‘ನಾಕಕ್ಕ ಹಾಕೇನ್ರಿ.’ ಮೂರನೇ ದಿನ ನಾನು ಬಸ್ ಹತ್ತಿದೆ.

ಬಾಕ್ಸ್ ತೆರೆದು ನೋಡಿದರೆ ತಂತಿ ನಿಜವಾಗಿಯೂ ನಾಲ್ಕನೇ ಪಿನ್ನಲ್ಲೇ ಇತ್ತು. ನಾನು ಬರೆದ ‘4’ರ ಅರ್ಥ ಜಿಪಿಐಒ 4, ಅಂದ್ರೆ ಸಿಗ್ನಲ್ ಪಿನ್ನಿಗೆ ಪ್ರೋಗ್ರಾಮಿನಲ್ಲಿರುವ ನಂಬರು. ಅದು ಬೋರ್ಡಿನ ಮೇಲೆ ಎಣಿಸಿದರೆ 7ನೇ ಪಿನ್. ಎಣಿಸಿ ಬರುವ 4ನೇ ಪಿನ್ 5 ವೋಲ್ಟ್ ಸಪ್ಲೈ! ಪೈಯಲ್ಲಿ 40 ಪಿನ್ ಇವೆ, ಎರಡು ಸಾಲು, ಒಂದರಲ್ಲಿ ಬೆಸ ಸಂಖ್ಯೆ, ಇನ್ನೊಂದರಲ್ಲಿ ಸಮ ಸಂಖ್ಯೆ. ಆದರೆ ಪ್ರೋಗ್ರಾಮಿನಲ್ಲಿ ನಾವು ಬರೆಯುವ ನಂಬರು ಈ ಎಣಿಕೆಯದ್ದಲ್ಲ, ಒಳಗಿನ ಚಿಪ್ಪಿನದ್ದು. ಎರಡಕ್ಕೂ ‘ಪಿನ್’ ಅಂತಲೇ ಹೇಳಿ ರೂಢಿಯಾಗಿಬಿಟ್ಟಿದೆ ನಮಗೆ.

‘ಅಣ್ಣಾ, ನೀವು ಬರದದ್ದೂ ನಾಕು, ನಾ ಎಣಿಸಿದ್ದೂ ನಾಕು’ ಅಂದ ಹುಡುಗ. ಏನು ಹೇಳಲಿ? ಎಣಿಸೋಕೆ ಬಂದಿದ್ದು ಅವನಿಗೆ, ಬರೆಯೋಕೆ ಬಾರದ್ದು ನನಗೆ.

ಏನೂ ಸುಡಲಿಲ್ಲ ಅನ್ನೋದು ಬರೀ ಅದೃಷ್ಟ. ಈ ಸೆನ್ಸರ್ 3ರಿಂದ 5.5 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ, ಡೇಟಾ ಕಾಲಿಗೆ 5 ವೋಲ್ಟ್ ಬಂದರೂ ತಡೆಯಿತು. ಆದರೆ ಪೈಯ ಜಿಪಿಐಒ ಪಿನ್‌ಗಳು 3.3 ವೋಲ್ಟಿನವು. ಅವುಗಳಿಗೆ 5 ವೋಲ್ಟ್ ನೇರ ತಾಗಿದ್ದರೆ ಚಿಪ್ಪೇ ಹೋಗಬಹುದಿತ್ತು.

ತಂತಿ 7ಕ್ಕೆ ಬಂತು. ಆದರೂ ಸೆನ್ಸರ್ ಇಲ್ಲ! ಇದೂ ಅದೇ ಹಾಳೆಯ ಪ್ರಸಾದ. ಈ ಸೆನ್ಸರ್ ಓದಬೇಕಾದರೆ ಪೈಯ ಕಾನ್ಫಿಗ್ ಫೈಲಿನಲ್ಲಿ ಒನ್‌ವೈರ್ ಓವರ್‌ಲೇ, ಅಂದ್ರೆ ಒಂದೇ ತಂತಿಯಲ್ಲಿ ಡೇಟಾ ಓದುವ ವ್ಯವಸ್ಥೆ, ಆನ್ ಮಾಡುವ ಒಂದು ಸಾಲು ಸೇರಿಸಬೇಕು. ನನ್ನ ಹಾಳೆಯಲ್ಲಿದ್ದ ಕಮಾಂಡ್ ಫೈಲ್ ತೆರೆಯುವುದೇ ಇಲ್ಲ, ಸುಮ್ನೆ ಕೊನೆಗೆ ಸಾಲು ಅಂಟಿಸಿಬಿಡುತ್ತದೆ. 2023ರಲ್ಲಿ ಪೈಯ ಆಪರೇಟಿಂಗ್ ಸಿಸ್ಟಮಿನ ಬುಕ್‌ವರ್ಮ್ ಆವೃತ್ತಿ ಬಂದಾಗ ಆ ಫೈಲ್ ಬೂಟ್ ಫೋಲ್ಡರಿನಿಂದ ಅದರೊಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹೋಯಿತು. ಹಳೆ ಜಾಗದಲ್ಲಿ ಉಳಿದಿರೋದು ‘ಇದನ್ನು ತಿದ್ದಬೇಡಿ, ಫೈಲ್ ಜಾಗ ಬದಲಾಗಿದೆ’ ಅನ್ನೋ ಚೀಟಿ ಮಾತ್ರ. ನಾನು ಆ ಚೀಟಿಯ ಕೆಳಗೇ ಸಾಲು ಅಂಟಿಸುತ್ತಾ, ಪೈಯನ್ನು ರೀಬೂಟ್ ಮಾಡುತ್ತಾ, ಹುಡುಗನನ್ನು ಬೈಯುತ್ತಾ ಎರಡು ದಿನ ಕಳೆದಿದ್ದೆ. ಒಮ್ಮೆ ಫೈಲ್ ತೆರೆದು ಓದಿದ್ದರೆ ಹತ್ತು ಸೆಕೆಂಡಿನ ಕೆಲಸ.

ಸರಿಯಾದ ಜಾಗದಲ್ಲಿ ಸಾಲು ಬಿದ್ದ ಮೇಲೆ 28ರಿಂದ ಶುರುವಾಗುವ ಸೆನ್ಸರುಗಳ ಉದ್ದನೆ ಹೆಸರುಗಳು ಕಂಡವು. ಆರಲ್ಲ, ನಾಲ್ಕು. ಸ್ವಲ್ಪ ಹೊತ್ತಿಗೆ ಐದು. ಮತ್ತೆ ಮೂರು. ಕಣ್ಣಾಮುಚ್ಚಾಲೆ.

ಇಲ್ಲಿ ಹಾಳೆಯಲ್ಲಿ ಏನೂ ಬರೆದಿರಲಿಲ್ಲ, ಅದೇ ತೊಂದರೆ. ಹುಡುಗ ಮನೆ ವೈರಿಂಗ್ ಮಾಡಿದಂತೆ ನಡುವೆ ಒಂದು ಜಂಕ್ಷನ್ ಬಾಕ್ಸ್ ಇಟ್ಟು, ಅಲ್ಲಿಂದ ಆರು ಮೂಲೆಗೆ ಆರು ಉದ್ದ ತಂತಿ ಎಳೆದಿದ್ದ. ಲೈಟು, ಫ್ಯಾನಿಗೆ ಅದು ಸರಿ. ಡೇಟಾಗೆ ಅಲ್ಲ. ಪ್ರತಿ ಕೊಂಬೆಯ ತುದಿಗೂ ಸಿಗ್ನಲ್ ಹೋಗಿ ಬಡಿದು ವಾಪಸ್ ಬರುತ್ತದೆ, ಎಲ್ಲಾ ಸೇರಿ ಗಲಾಟೆ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಕೂಗುವಾಗ ನಾವು ಏನಾದರೂ ಹೇಳಿದರೆ ಯಾರಿಗಾದರೂ ತಿಳಿಯುತ್ತಾ? ಹುಡುಗನಿಗೆ ಹೀಗೇ ಹೇಳಿದೆ, ವಿಜಯಪುರದವನಲ್ವಾ, ತಟ್ಟನೆ ಅರ್ಥವಾಯಿತು. ಲ್ಯಾನ್ ಕೇಬಲ್ ತಂದು, ಡೇಟಾ ಮತ್ತು ಗ್ರೌಂಡನ್ನು ಒಂದೇ ಹೊಸೆದ ಜೋಡಿಯಲ್ಲಿ ಹಾಕಿ, ಗೋಡೆಗುಂಟ ಒಂದೇ ಸಾಲು ಎಳೆದು, ಸೆನ್ಸರುಗಳನ್ನು ಅದಕ್ಕೆ ಗಿಡ್ಡ ತಂತಿಯಿಂದ ಸೇರಿಸಿದೆವು. ಆರೂ ಮಾಯವಾಗದೆ ಕಾಣಿಸಿದವು.

ಹೀಗೆ ಗೋಡೆಗೆ ಹಚ್ಚುವ ಮೊದಲೇ ಆರನ್ನೂ ಪುಡಿ ಮಾಡಿದ ಐಸ್ ಮತ್ತು ನೀರು ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಮುಳುಗಿಸಿದೆವು. ಎಲ್ಲವೂ ಸೊನ್ನೆಯ ಆಸುಪಾಸು, ಅರ್ಧ ಡಿಗ್ರಿ ಆಚೆ ಈಚೆ ಬರಬೇಕು, ಬಂತು. ಯಾವುದು ಯಾವ ಸೆನ್ಸರ್ ಅಂತ ತಿಳಿಯೋಕೆ ಒಂದೊಂದನ್ನೇ ಮುಷ್ಟಿಯಲ್ಲಿ ಹಿಡಿಯೋದು, ಪರದೆ ಮೇಲೆ ಯಾವುದು ಏರುತ್ತೋ ಅದಕ್ಕೆ ಟೇಪ್ ಸುತ್ತಿ ನಂಬರ್ ಬರೆಯೋದು. ಇದಕ್ಕಿಂತ ಸುಲಭದ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ರಿಲೇಯದ್ದು ಬೇರೆ ಕಥೆ. ಪ್ರೋಗ್ರಾಂ ಶುರು ಮಾಡಿದ ಕೂಡಲೇ ಹೂಟರ್ ಬೊಬ್ಬೆ ಹೊಡೆಯಿತು, ಹಮಾಲರು ಬಾಕ್ಸ್ ಬಿಟ್ಟು ಹೊರಗೆ ಓಡಿದರು. ಆ ರಿಲೇ ಪಿನ್ ಲೋ, ಅಂದ್ರೆ ಸೊನ್ನೆ ವೋಲ್ಟ್, ಆದಾಗ ಆನ್ ಆಗುವ ಜಾತಿಯದ್ದು, ಪಿನ್‌ಗಳನ್ನು ನಡೆಸೋಕೆ ನಾನು ಬಳಸುವ ಜಿಪಿಐಒ ಝೀರೋ ಲೈಬ್ರರಿ ಮಾತ್ರ ‘ಆಫ್’ ಅಂದ್ರೆ ಲೋ ಅಂತ ತಿಳಿದು ಶುರುವಾಗುತ್ತದೆ. ಉಲ್ಟಾ ಮಾಡುವ ಒಂದು ಸೆಟ್ಟಿಂಗ್ ಇದೆ, ಹಾಕಿದೆ, ಆಯಿತು.

ಖುಷಿಯಿಂದ ಬೆಳಗಾವಿಗೆ ಬಂದೆ. ನಾಲ್ಕನೇ ರಾತ್ರಿ 2 ಗಂಟೆಗೆ ವಾಚ್‌ಮನ್ ಕಾಕಾ ಅವರ ಫೋನು. ‘ಸರ್, ಇದು ಒಂದ ಸವನ ಒದರಾಕತ್ತೈತ್ರಿ, ಒಳಗ ನೋಡಿದ್ರ ಕೈ ಮರಗಟ್ಟೋ ಚಳಿ ಐತಿ.’ ಪೈ ಬರೆದಿಟ್ಟ ತಾಪಮಾನದ ಲಾಗ್ ತೆರೆದೆ. 4.6, 4.6, 85.0, 4.6, 85.0.

85. ಈ ಸೆನ್ಸರಿನ ಜೊತೆ ಕೆಲಸ ಮಾಡಿದ ಯಾರಿಗಾದರೂ ಈ ಅಂಕಿ ಕಂಡರೆ ಮೈ ಉರಿಯುತ್ತದೆ. ಪವರ್ ಹೋಗಿ ಬಂದ ಕೂಡಲೇ ಸೆನ್ಸರಿನೊಳಗೆ ಮೊದಲೇ ತುಂಬಿಟ್ಟ ಅಂಕಿ ಅದು. ಒಮ್ಮೆ ಅಳೆದು ಮುಗಿಸುವವರೆಗೆ, ಅಂದ್ರೆ ಸುಮಾರು ಮುಕ್ಕಾಲು ಸೆಕೆಂಡು, ಯಾರು ಕೇಳಿದರೂ 85 ಅನ್ನುತ್ತದೆ. ಇದರಲ್ಲಿ ಡೇಟಾ ದಾರಿಯಲ್ಲಿ ಕೆಟ್ಟಿದೆಯಾ ಅಂತ ನೋಡುವ ಸಿಆರ್‌ಸಿ ಚೆಕ್ ಕೂಡ ಪಾಸಾಗುತ್ತದೆ, ಯಾಕಂದ್ರೆ ಡೇಟಾ ಕೆಟ್ಟಿಲ್ಲ, ಸೆನ್ಸರ್ ನಿಜವಾಗಿಯೂ 85 ಅಂತಲೇ ಹೇಳಿದೆ. ಬೆಳಿಗ್ಗೆ ಹುಡುಗ ಹೋಗಿ ನೋಡಿದ. ಐದನೇ ಸೆನ್ಸರಿನ ಕೆಂಪು ತಂತಿಯ ಸ್ಕ್ರೂ ಸಡಿಲವಾಗಿತ್ತು. ಮೇಲೆಯೇ ಕೂಲಿಂಗ್ ಫ್ಯಾನು, ಅದರ ನಡುಕಕ್ಕೆ ತಂತಿ ತಾಗುತ್ತಾ ಬಿಡುತ್ತಾ ಇತ್ತು.

ಸ್ಕ್ರೂ ಅವನು ಬಿಗಿ ಮಾಡಿದ, ಪ್ರೋಗ್ರಾಂ ನಾನು. 85.0 ಬಂದರೆ ಬಿಟ್ಟುಬಿಡು, ಆದರೆ ‘ತಂತಿ ನೋಡಿ’ ಅಂತ ಮೆಸೇಜ್ ಕಳಿಸು. ಸತತ ಮೂರು ಸಲ 8 ದಾಟಿದರೆ ಮಾತ್ರ ಹೂಟರ್. ಚಳಿ ಕೋಣೆಯಲ್ಲಿ ಹೀಗೆ ಮಾಡಬಹುದು. ಮಹಾಲಿಂಗಪುರ ಕಡೆ ಬೆಲ್ಲದ ಕೊಪ್ಪರಿಗೆಗೆ ಇದೇ ಸೆನ್ಸರ್ ಇಳಿಬಿಟ್ಟರೆ 85 ನಿಜವಾಗಿಯೂ ಬರುತ್ತದೆ, ಅಲ್ಲಿ ಕಣ್ಣುಮುಚ್ಚಿ ಬಿಡುವಂತಿಲ್ಲ.

ಹಳೆ ಹಾಳೆ ಅಳಿಸಿದ್ದೇನೆ. ಹೊಸದರಲ್ಲಿ ‘ಪಿನ್ 4’ ಅನ್ನೋ ಮಾತೇ ಇಲ್ಲ. ‘ಎಣಿಸಿದರೆ 7ನೇದು, ಒಳಗಿನ ಸಾಲಿನಲ್ಲಿ ನಾಲ್ಕನೇದು, ಪ್ರೋಗ್ರಾಮಿನಲ್ಲಿ ಜಿಪಿಐಒ 4’ ಅಂತ ಉದ್ದಕ್ಕೆ ಬರೆದು, ಪಕ್ಕದಲ್ಲಿ ಪಿನ್‌ಗಳ ಚಿತ್ರ ಹಾಕಿದ್ದೇನೆ. ಹುಡುಗ ಅದನ್ನು ಪ್ರಿಂಟ್ ಹಾಕಿಸಿ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದಾನೆ. ಕೆಳಗೆ ಪೆನ್ನಿನಿಂದ ತನ್ನದೂ ಒಂದು ಸಾಲು: ‘ಅಣ್ಣಗ ಫೋನ್ ಮಾಡೂದಕ್ಕಿಂತ ಮೊದಲ ಫೋಟೋ ಕಳಸ್ರಿ.’