ಕಪ್ಪತಗುಡ್ಡವನ್ನು ನಡೆದು ಓದಿದ ರಾಬರ್ಟ್ ಬ್ರೂಸ್ ಫೂಟ್

ನಮ್ಮ ಗದಗ ಸೀಮೆಯಲ್ಲಿ ಕಪ್ಪತಗುಡ್ಡದ ಮಾತು ಬಂದರೆ ಔಷಧಿ ಗಿಡಗಳ ವಿಷಯ ಬರುತ್ತದೆ, ಗಾಳಿಯಂತ್ರಗಳ ವಿಷಯ ಬರುತ್ತದೆ, ಚಿನ್ನದ ವಿಷಯವಂತೂ ಬಂದೇ ಬರುತ್ತದೆ. ಆದರೆ ಈ ಗುಡ್ಡದ ಕಲ್ಲುಗಳನ್ನು ಕ್ರಮವಾಗಿ ಪರಿಶೀಲಿಸಿ ಬರೆದಿಟ್ಟ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರು ಭೂವಿಜ್ಞಾನ ಓದಿದವರ ಹೊರತು ಬೇರೆಯವರ ಬಾಯಲ್ಲಿ ಬರುವುದು ಅಪರೂಪ. ಅವರ ಹೆಸರನ್ನು ಬಲ್ಲವರು ಕೂಡ ಸಾಮಾನ್ಯವಾಗಿ 1863ರ ಒಂದು ಕಲ್ಲಿನ ಕೊಡಲಿಯನ್ನಷ್ಟೇ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ನಮ್ಮ ಕಲ್ಲುಗಳ ಬಗ್ಗೆ ತಾವೇ ಬರೆದಿದ್ದನ್ನು ಹತ್ತು ವರ್ಷಗಳ ನಂತರ ತಾವೇ ತಿದ್ದಿದ ಕೆಲಸ.

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿ ಮದ್ರಾಸಿಗೆ ಬಂದರು. ಅದರ ಮರುವರ್ಷವೇ ಫ್ರಾನ್ಸಿನ ಸೋಮ್ ನದಿಯ ಗರಸಿನಲ್ಲಿ ದೊರೆತ ಕಲ್ಲಿನ ಆಯುಧಗಳು ನಿಜವಾಗಿಯೂ ಬಹು ಪುರಾತನ ಮನುಷ್ಯರವು ಎಂದು ಇಂಗ್ಲೆಂಡಿನ ವಿದ್ವಾಂಸರು ಒಪ್ಪಿಕೊಂಡಿದ್ದರು. ಆ ಸುದ್ದಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಳ್ಳದ ಗರಸನ್ನು ನೋಡುತ್ತಿದ್ದ ಫೂಟ್ ಅವರಿಗೆ, 1863ರ ಮೇ 30ರಂದು, ಮದ್ರಾಸಿನ ಹತ್ತಿರದ ಪಲ್ಲಾವರಂನ ಕವಾಯತು ಮೈದಾನದ ಬಳಿಯ ಗುಂಡಿಯಲ್ಲಿ ಬೆಣಚುಶಿಲೆಯ ಕೈಗೊಡಲಿಯೊಂದು ಸಿಕ್ಕಿತು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂನಲ್ಲಿ ಇನ್ನೂ ಹಲವು ದೊರೆತವು. ಅತ್ತಿರಂಪಾಕ್ಕಂನ ಆಯುಧಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಫೂಟ್ ಅಷ್ಟು ಹಿಂದಿನದನ್ನು ಊಹಿಸಲು ಸಾಧ್ಯವೇ ಇರಲಿಲ್ಲ.

ಮುಂದೆ ಅವರನ್ನು ಆಗಿನ ದಕ್ಷಿಣ ಮರಾಠಾ ಸೀಮೆಗೆ, ಎಂದರೆ ಬೆಳಗಾವಿ, ಧಾರವಾಡ, ಬಾದಾಮಿಗಳ ಕಡೆಗೆ ಕಳುಹಿಸಲಾಯಿತು. ಕಲ್ಲಿನ ನಕ್ಷೆ ಮಾಡುವುದು ಅವರ ಸರಕಾರಿ ಕೆಲಸವಾಗಿತ್ತು, ಉಳಿದದ್ದೆಲ್ಲ ದಾರಿಯಲ್ಲಿ ಕಣ್ಣಿಗೆ ಬಿದ್ದದ್ದು. ಗೋಕಾಕದ ಹತ್ತಿರ ಚಿಕ್ಕದೌಳಿಯ ಹಳ್ಳದಲ್ಲಿ ನಿರ್ವಂಶವಾದ ಒಂದು ಘೇಂಡಾಮೃಗದ ಎಲುಬುಗಳು ದೊರೆತಾಗ, 1874ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಮಲಪ್ರಭೆಯ ಕಣಿವೆಯ ಗರಸಿನಲ್ಲಿ ಹಳೆ ಶಿಲಾಯುಗದ ಆಯುಧಗಳನ್ನು ಆರಿಸಿದರು. ಅದೇ 1874ರಲ್ಲಿ ಡಂಬಳದ ಗುಡ್ಡಗಳ, ಅಂದರೆ ನಮ್ಮ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಮೇಲೆ ಅವರ ವರದಿ ಪ್ರಕಟವಾಯಿತು. ಅಲ್ಲಿ ಚಿನ್ನದ ಆಸೆ ಹೊಸದಾಗಿರಲಿಲ್ಲ. ಮಳೆಗಾಲದ ನಂತರ ಜಾಲಗಾರರು ಸೊರಟೂರಿನ ಕಡೆಯ ಹಳ್ಳಗಳ ಮರಳನ್ನು ಮರದ ಮರಿಗೆಯಲ್ಲಿ ತೊಳೆದು, ಹಗುರವಾದದ್ದನ್ನು ನೀರಿಗೆ ಬಿಟ್ಟು, ತಳದಲ್ಲಿ ನಿಂತ ಕರಿಯ ಕಬ್ಬಿಣದ ಮರಳಿನಿಂದ ಚಿನ್ನದ ಹುಡಿಯನ್ನು ಬೇರ್ಪಡಿಸುವ ಕಸುಬನ್ನು ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದ್ದರು. ಯಾವ ಹಳ್ಳದಲ್ಲಿ ಏನು ಸಿಗುತ್ತದೆ ಎಂಬ ತಿಳಿವಳಿಕೆ ಮೊದಲು ಅವರದು, ಆಮೇಲೆ ಇಲಾಖೆಯದು ಎಂಬುದನ್ನು ಇಂಥ ವರದಿಗಳನ್ನು ಓದುವಾಗ ಮರೆಯಬಾರದು. 20ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಗಣಿ ತೋಡಿದ ಕಂಪನಿಗಳು ಹೆಚ್ಚು ಕಾಲ ನಿಲ್ಲಲಿಲ್ಲ.

ದಕ್ಷಿಣ ಮರಾಠಾ ಸೀಮೆಯ ಕುರಿತ ಅವರ ದೊಡ್ಡ ಗ್ರಂಥ ಹೊರಬಂದದ್ದು 1876ರಲ್ಲಿ. ಅದರಲ್ಲಿ ಕಪ್ಪತಗುಡ್ಡದ ಹಸಿರು ಛಾಯೆಯ ಪದರಶಿಲೆಗಳನ್ನೂ ಗುಡ್ಡದ ನೆತ್ತಿಯುದ್ದಕ್ಕೂ ಎದ್ದುನಿಂತ ಕಬ್ಬಿಣದ ಪಟ್ಟೆಶಿಲೆಗಳನ್ನೂ ಸುತ್ತಲಿನ ನೈಸ್ ಶಿಲೆಯ (ಒತ್ತಡ, ಶಾಖಗಳಿಂದ ಮಾರ್ಪಟ್ಟ ಪಟ್ಟೆಪಟ್ಟೆಯ ಗಟ್ಟಿ ಕಲ್ಲು) ಸಮೂಹಕ್ಕೇ ಸೇರಿಸಿದ್ದರು. ಆಮೇಲೆ ಬಳ್ಳಾರಿ, ಅನಂತಪುರ ಜಿಲ್ಲೆಗಳಲ್ಲಿ ಸಮೀಕ್ಷೆ ನಡೆಸುವಾಗ, ಈ ಪದರಶಿಲೆಗಳು ನೈಸಿನ ಭಾಗವಲ್ಲ, ಅದರ ಮೇಲೆ ಕುಳಿತು ಮಡಚಿಕೊಂಡ ಬೇರೆಯೇ ಸಮೂಹ ಎಂಬುದು ಅವರಿಗೆ ಮನವರಿಕೆಯಾಯಿತು. 1886ರಲ್ಲಿ ಅವುಗಳನ್ನು ಪ್ರತ್ಯೇಕಿಸಿ ಧಾರವಾಡದ ಹೆಸರನ್ನಿಟ್ಟರು. 1888ರ ಹೊತ್ತಿಗೆ, ದಕ್ಷಿಣ ಭಾರತದಲ್ಲಿ ಚಿನ್ನವಿರುವ ಮುಖ್ಯ ಶಿಲಾಸಮೂಹ ಇದೇ ಎಂದು ಬರೆದರು. ಕೋಲಾರದ ಗಣಿಯೂ ಹಟ್ಟಿಯ ಗಣಿಯೂ ಇಂಥ ಪದರಶಿಲೆಗಳ ಪಟ್ಟಿಗಳಲ್ಲೇ ಇರುವುದರಿಂದ, ಚಿನ್ನ ಹುಡುಕುವವರಿಗೆ ಈ ಒಂದು ವಿಂಗಡಣೆಯಿಂದ ಆದ ಪ್ರಯೋಜನ ಸಣ್ಣದಲ್ಲ.

ವಿವಾದವೂ ತಪ್ಪಲಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಮುಂದೆ ಇದಕ್ಕೆ ನೇರ ವಿರುದ್ಧವಾಗಿ, ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ನೈಸ್ ಆಮೇಲೆ ಕೆಳಗಿನಿಂದ ನುಗ್ಗಿದ್ದು ಎಂದು ವಾದಿಸಿದರು. ಕಲ್ಲಿನ ವಯಸ್ಸನ್ನು ಅಳೆಯುವ ವಿಧಾನಗಳು ಬಂದ ಮೇಲೆ ತಿಳಿದದ್ದೆಂದರೆ, 300 ಕೋಟಿ ವರ್ಷ ದಾಟಿದ ನೈಸ್ ತಳಹದಿಯೂ ಇದೆ, ಧಾರವಾಡ ಶಿಲೆಗಳನ್ನು ಸೀಳಿಕೊಂಡು ಬಂದ ಕಿರಿಯ ಗ್ರಾನೈಟ್‌ಗಳೂ ಇವೆ. ನನ್ನ ಮಟ್ಟಿಗೆ ಹೇಳುವುದಾದರೆ, ಸುತ್ತಿಗೆ, ದಿಕ್ಸೂಚಿಗಳಷ್ಟನ್ನೇ ಹಿಡಿದು ನಡೆದ ಫೂಟ್ ಸತ್ಯಕ್ಕೆ ಹೆಚ್ಚು ಹತ್ತಿರವಿದ್ದರು.

ಬಳ್ಳಾರಿಯ ತಿರುಗಾಟ ಅವರಿಗೆ ಇನ್ನೊಂದು ಸಮಸ್ಯೆಯನ್ನು ಕೊಟ್ಟಿತು. ಕುಡತಿನಿಯ ಬಳಿಯ ಬೂದಿದಿಬ್ಬವನ್ನು ಜನ ಹಿಡಿಂಬನನ್ನು ಸುಟ್ಟ ಬೂದಿ ಎನ್ನುತ್ತಿದ್ದರು, ರಾಬರ್ಟ್ ಸೆವೆಲ್ ಅವರಂಥ ವಿದ್ವಾಂಸರು ವಿಜಯನಗರದ ಕಾಲದ ಚಿತೆಗಳತ್ತ ಬೊಟ್ಟು ಮಾಡಿದರು. ಇವು ನವಶಿಲಾಯುಗದ ದನಗಾಹಿಗಳ ಕಾಲದವು, ಬೂದಿ ಸುಟ್ಟ ಸಗಣಿಯದು ಎಂಬುದು ಫೂಟ್ ಅವರ ನಿಲುವು. ಈಗಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಸಿಕ್ಕವು.

1891ರಲ್ಲಿ ನಿವೃತ್ತರಾದ ಫೂಟ್ ಬರೋಡಾ ಸಂಸ್ಥಾನಕ್ಕೂ ಆಮೇಲೆ ಮೈಸೂರಿಗೂ ಭೂವಿಜ್ಞಾನಿಯಾಗಿ ದುಡಿದು, ಏರ್ಕಾಡಿನಲ್ಲಿ ನೆಲೆಸಿ, 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಜೀವಮಾನವಿಡೀ ಆರಿಸಿದ ಆಯುಧ, ಮಡಕೆಚೂರುಗಳ ಸಂಗ್ರಹವನ್ನು ಮದ್ರಾಸಿನ ಸರಕಾರಿ ವಸ್ತುಸಂಗ್ರಹಾಲಯ 1904ರಲ್ಲಿ ಕೊಂಡುಕೊಂಡಿತ್ತು. ಅದರ ವಿವರಣಾತ್ಮಕ ಪಟ್ಟಿ 1914ರಲ್ಲೂ ಕಾಲ ಮತ್ತು ಹರಹುಗಳ ಟಿಪ್ಪಣಿ 1916ರಲ್ಲೂ ಅಚ್ಚಾದವು. ಇವೆರಡನ್ನೂ ಸಿದ್ಧಪಡಿಸಿದವರು ಅವರೇ ಆದರೂ ಅಚ್ಚಾದ ಪ್ರತಿಗಳನ್ನು ಅವರು ನೋಡಲಿಲ್ಲ.