ಇಲ್ಲಿ ನೆಲ ಇಲ್ಲ ಎಂದುಕೋ

ಆಸ್ಟ್ರೇಲಿಯಾದ ಕರಾವಳಿಯ ಹವಳದ ದಿಬ್ಬಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ನಮ್ಮ ಪ್ರವಾಸ ಶುರುವಾದದ್ದು ಒಂದು ಈಜುಕೊಳದಲ್ಲಿ, ಹೊರಡುವುದಕ್ಕೆ ಆರು ವಾರ ಮೊದಲು. ಅಕ್ಕನಿಗೆ ಈಜು ಬರುತ್ತಿತ್ತು. ನನಗೂ ಬರುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಾಡುವ ಸ್ನಾರ್ಕೆಲ್ ಕೊಳವೆ, ಕಾಲಿಗೆ ಮೀನಿನ ರೆಕ್ಕೆಯಂಥ ಮೊಳದುದ್ದದ ಫಿನ್ ಏರಿದ ಮೇಲೆ ಆ ನಂಬಿಕೆ ಹತ್ತು ನಿಮಿಷವೂ ಬಾಳಲಿಲ್ಲ. ಮಾಸ್ಕಿನೊಳಗೆ ಒಂದು ಗುಟುಕು ನೀರು ನುಗ್ಗಿದರೆ ಸಾಕು, ಕಾಲು ತಾನಾಗಿಯೇ ತಳ ಹುಡುಕುತ್ತಿತ್ತು. "ನಿಲ್ಲಬೇಡ. ಇಲ್ಲಿ ನೆಲ ಇಲ್ಲ ಎಂದುಕೋ" ಎಂದು ಅಕ್ಕ ಪ್ರತಿ ಸಲವೂ ಗದರುತ್ತಿದ್ದಳು. ನಾಲ್ಕಡಿ ನೀರಿನಲ್ಲಿ ನಿಲ್ಲದೇ ಇರುವುದು ಎಂಥ ಶಿಕ್ಷೆ ಎಂಬುದು ಹಾಗೆ ಹಟ ಹಿಡಿದವರಿಗೇ ಗೊತ್ತು.

ಇಷ್ಟು ಕಸರತ್ತಿಗೆ ಕಾರಣವಿತ್ತು. ಹವಳ ನೋಡಲು ಬಂಡೆಯಂತಿದ್ದರೂ ಅದರ ಮೇಲ್ಪದರ ಪೂರ್ತಿ ಜೀವಂತ. ಪಾಲಿಪ್ ಎಂಬ ಪುಟ್ಟ ಜೀವಿಗಳು ಒಂದರ ಮಗ್ಗುಲಿಗೆ ಒಂದು ಕೂತು ಸುಣ್ಣದ ಗೂಡು ಕಟ್ಟುತ್ತ ಹೋಗುತ್ತವೆ. ಬೇಗ ಬೆಳೆಯುವ ಕವಲು ಹವಳ ಕೂಡ ವರ್ಷಕ್ಕೆ ಹತ್ತಿಪ್ಪತ್ತು ಸೆಂಟಿಮೀಟರ್ ಚಾಚಿದರೆ ಅದೇ ದೊಡ್ಡದು. ಗುಂಡಾಗಿ ಉಬ್ಬುವ ಜಾತಿಗಳದ್ದು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. ಗಾಬರಿಯಲ್ಲಿ ಒದೆಯುವ ಒಂದು ಫಿನ್ನಿಗೆ ಹಲವು ವರ್ಷಗಳ ಬೆಳವಣಿಗೆ ಮುರಿದು ಬೀಳುತ್ತದೆ. ಹವಳಕ್ಕೆ ಕೇಡು ಮಾಡಬೇಕೆಂದು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಕೇಡಾಗುವುದು ಹೀಗೆ, ಮಾಸ್ಕಿಗೆ ನೀರು ಹೊಕ್ಕಾಗ.

ಉಳಿದ ಸಿದ್ಧತೆ ಅಷ್ಟು ಕಷ್ಟದ್ದಾಗಿರಲಿಲ್ಲ. ನವೆಂಬರ್‌ನಿಂದ ಮೇವರೆಗೆ ಆ ಕರಾವಳಿಯಲ್ಲಿ ವಿಷದ ಲೋಳೆಮೀನುಗಳ ಕಾಟ, ಬೇಸಿಗೆಯಲ್ಲಿ ಮಳೆ, ಚಂಡಮಾರುತ. ಹಾಗಾಗಿ ಆಗಸ್ಟ್ ಆರಿಸಿಕೊಂಡೆವು: ಅಲ್ಲಿ ಚಳಿಗಾಲ, ಒಣಹವೆ, ನೀರು ಸ್ವಲ್ಪ ತಣ್ಣಗೆ. ಅಲ್ಲಿನ ಕೇರ್ನ್ಸ್ ಪಟ್ಟಣದಿಂದ ರೀಫ್‌ಗೆ ಹೊರಡುವ ದೋಣಿಗಳಿಗೆ ಲೆಕ್ಕವಿಲ್ಲ. ಸ್ವತಂತ್ರ ಪ್ರಮಾಣಪತ್ರ ಪಡೆದ ಸಂಸ್ಥೆಗಳ ಪಟ್ಟಿಯನ್ನು ರೀಫ್‌ನ ಉಸ್ತುವಾರಿ ಹೊತ್ತ ಪ್ರಾಧಿಕಾರವೇ ಪ್ರಕಟಿಸುತ್ತದೆ. ಆ ಪಟ್ಟಿಯಿಂದ ನಾಲ್ವರಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆವು. ಲಂಗರು ಹಾಕುತ್ತೀರೋ, ಅಥವಾ ಮೊದಲೇ ನೆಟ್ಟ ತೇಲುಬುರುಡೆಗೆ ದೋಣಿ ಕಟ್ಟುತ್ತೀರೋ? ಒಬ್ಬ ಮಾರ್ಗದರ್ಶಿಯ ಹಿಂದೆ ಎಷ್ಟು ಜನ? ಮೀನಿಗೆ ತಿಂಡಿ ಎಸೆಯುತ್ತೀರಾ? ಒಬ್ಬರು ಬಣ್ಣದ ಜಾಹೀರಾತು ಕಳಿಸಿದರು, ಇಬ್ಬರು ಸುಮ್ಮನಾದರು. ನಾಲ್ಕನೆಯವರು ಪ್ರಶ್ನೆಗೊಂದರಂತೆ ಉತ್ತರ ಬರೆದು, ಕೊನೆಗೆ ನಮಗೇ ಒಂದು ಪ್ರಶ್ನೆ ಹಾಕಿದ್ದರು: ನಿಮ್ಮಿಬ್ಬರಿಗೂ ಈಜು ಬರುತ್ತದೆಯೇ? ಅವರನ್ನೇ ಗೊತ್ತುಮಾಡಿದೆವು. ದಿನದ ಲೆಕ್ಕದಲ್ಲಿ ಪ್ರತಿ ಪ್ರವಾಸಿಯಿಂದ ವಸೂಲಾಗುವ ಪರಿಸರ ನಿರ್ವಹಣಾ ಶುಲ್ಕ ಟಿಕೆಟ್ಟಿನಲ್ಲೇ ಸೇರಿತ್ತು.

ಸನ್‌ಸ್ಕ್ರೀನ್ ವಿಚಾರದಲ್ಲಿ ಮಾತ್ರ ನಾನು ಅತಿರೇಕಕ್ಕೆ ಹೋದೆ. ಹವಳಕ್ಕೆ ಕೆಡುಕೆಂದು, ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ 2021ರಿಂದ ತಡೆದಿದೆ. ಪಲಾವು ದೇಶ ಇನ್ನೂ ಹೆಚ್ಚು ರಾಸಾಯನಿಕಗಳನ್ನು 2020ರಲ್ಲೇ ನಿಷೇಧಿಸಿತು. ಇದನ್ನೆಲ್ಲ ಓದಿ, ಟ್ಯೂಬುಗಳ ಹಿಂದಿನ ಇರುವೆಸಾಲಿನಂಥ ಅಕ್ಷರಗಳನ್ನು ದಿನಗಟ್ಟಲೆ ಸೋಸಿದೆ. 'ಹವಳಕ್ಕೆ ಸುರಕ್ಷಿತ' ಎಂದು ಮುಂಭಾಗದಲ್ಲಿ ಯಾರು ಬೇಕಾದರೂ ಅಚ್ಚು ಹಾಕಿಸಿಕೊಳ್ಳಬಹುದು ಎಂಬ ಜ್ಞಾನವೂ ಆಯಿತು. ಅಕ್ಕ ಏನೂ ಓದಲಿಲ್ಲ. ಕತ್ತಿನಿಂದ ಪಾದದವರೆಗೆ ಮುಚ್ಚುವ ಈಜುಡುಪು ಎರಡು ತಂದಳು. ಹಚ್ಚಲು ಉಳಿದದ್ದು ಮುಖ ಮಾತ್ರ.

ಒಂದು ವಿಷಯಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಹವಳದ ಬಹುದೊಡ್ಡ ಶತ್ರು ಕಾವೇರುತ್ತಿರುವ ಕಡಲು, ನಾವು ಹೋಗುತ್ತಿರುವುದು ವಿಮಾನದಲ್ಲಿ. ಎರಡು ಸಣ್ಣ ಪ್ರವಾಸಗಳ ಬದಲು ಒಂದೇ ಸಲ ಹೋಗಿ ಹೆಚ್ಚು ದಿನ ಉಳಿಯೋಣ ಎಂದು ಅಕ್ಕ ಹೇಳಿದಳು. ಹಾಗೇ ಮಾಡಿದೆವು. ಅದರಿಂದ ಲೆಕ್ಕ ಚುಕ್ತಾ ಆಯಿತು ಎಂದು ಇಬ್ಬರೂ ಹೇಳಿಕೊಳ್ಳಲಿಲ್ಲ.

ಒಂದೂವರೆ ಗಂಟೆಯ ಹಾದಿ. ಕಡಲ ಕಡುನೀಲಿ ಒಂದು ಗೆರೆ ಕೊಯ್ದಂತೆ ತಟ್ಟನೆ ತಿಳಿಹಸಿರಾಗುವಲ್ಲಿ ದೋಣಿಯನ್ನು ಬುರುಡೆಗೆ ಕಟ್ಟಿದರು. 2,300 ಕಿಲೋಮೀಟರ್ ಉದ್ದಕ್ಕೆ ಚದುರಿರುವ ಸುಮಾರು 2,900 ದಿಬ್ಬಗಳಲ್ಲಿ ಇದೊಂದು. ನೀರಿಗೆ ಮುಖವಿಟ್ಟೊಡನೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಸಿಕ್ಕಿತು: ಕಟಕಟ, ಕಟಕಟ. ಗಿಳಿಯ ಕೊಕ್ಕಿನಂಥ ಬಾಯಿಯ ಪ್ಯಾರಟ್ ಮೀನು ಹವಳದ ಮೇಲ್ಮೈಯನ್ನು ಕೆರೆದು ಅಗಿಯುತ್ತಿತ್ತು. ಅಗಿದ ಸುಣ್ಣ ಅದರ ಹೊಟ್ಟೆ ಹಾದು ಬಿಳಿ ಮರಳಾಗಿ ಉದುರುತ್ತದೆ. ನಾನು ನೋಡುತ್ತಿದ್ದಂತೆಯೇ ಹಿಂದಿನಿಂದ ಹೊಗೆಯಂತೆ ಒಂದಿಷ್ಟು ಉದುರಿಸಿ ಮುಂದೆ ಹೋಯಿತು.

ನಗು ಬಂತು. ನಕ್ಕರೆ ಕೆನ್ನೆ ಸುಕ್ಕಾಗಿ ಮಾಸ್ಕಿನ ಅಂಚು ಸಡಿಲಾಗುತ್ತದೆ ಎಂಬುದನ್ನು ಈಜುಕೊಳ ಕಲಿಸಿರಲಿಲ್ಲ. ಉಪ್ಪುನೀರು ಕಣ್ಣಿಗೇ ನುಗ್ಗಿತು. ಕಾಲು ಕೆಳಗಿಳಿಯತೊಡಗಿತು. ಕೆಳಗೆ ಮೇಜಿನಗಲದ ಹವಳ, ಹೊಸಿಲಿನಷ್ಟು ಹತ್ತಿರ, ನಿಲ್ಲಲೆಂದೇ ಹಾಸಿದಂತೆ. ಇಲ್ಲಿ ನೆಲ ಇಲ್ಲ. ಮಂಡಿ ಎದೆಗೆ ಎಳೆದುಕೊಂಡು ಅಂಗಾತ ಹೊರಳಿದೆ. ಆಕಾಶ ನೋಡುತ್ತ ಮಾಸ್ಕ್ ಬಸಿದೆ. ಅಷ್ಟರಲ್ಲಿ ಮಾರ್ಗದರ್ಶಿ ತೇಲುವ ಬಳೆಯನ್ನು ನನ್ನತ್ತ ದೂಡಿದ್ದರು.

ಮಧ್ಯಾಹ್ನ ಆಸಕ್ತರಿಗೆಂದು ಅವರು ಅಂಗೈಯಗಲದ ಬಣ್ಣದ ಚಾರ್ಟುಗಳನ್ನು ಹಂಚಿದರು. ಹವಳದ ಆರೋಗ್ಯ ಗಮನಿಸುವ, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಯೋಜನೆಯವು. ಹವಳದ ಬಣ್ಣ ಅದರ ಮೈಯೊಳಗೆ ವಾಸವಿರುವ ಸೂಕ್ಷ್ಮ ಪಾಚಿಯದು, ಊಟದ ಬಹುಪಾಲೂ ಪಾಚಿಯದೇ. ಬೇಸಿಗೆಯ ಗರಿಷ್ಠಕ್ಕಿಂತ ಬರೀ ಒಂದು ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಆ ಪಾಚಿ ಹೊರಬೀಳುತ್ತದೆ, ಒಳಗಿನ ಬಿಳಿ ಸುಣ್ಣ ಕಾಣುತ್ತದೆ. 2016 ಮತ್ತು 2017ರಲ್ಲಿ ಬೆನ್ನುಬೆನ್ನಿಗೆ, ಆಮೇಲೆ 2020, 2022, 2024ರಲ್ಲಿ ಈ ದಿಬ್ಬಸಾಲು ಹಾಗೆ ಬಿಳಿಚಿತು. ಚಾರ್ಟಿನಲ್ಲಿ ಒಂದರಿಂದ ಆರರವರೆಗೆ ಛಾಯೆಗಳಿವೆ, ಒಂದು ಅತಿ ತಿಳಿ, ಆರು ಅತಿ ಗಾಢ. ಹವಳದ ಪಕ್ಕಕ್ಕೆ, ತಾಗದಂತೆ, ಚಾರ್ಟ್ ಹಿಡಿದು ಅತಿ ತಿಳಿಯಾದ ಭಾಗ ಯಾವ ಅಂಕೆ, ಅತಿ ಗಾಢವಾದದ್ದು ಯಾವುದು ಎಂದು ನೀರಿನೊಳಗೇ ಪುಟ್ಟ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ಚೆಂದದ್ದನ್ನೇ ಹುಡುಕಿ ಅಳೆಯಬೇಡಿ, ಎದುರಿಗೆ ಬಂದದ್ದನ್ನು ಅಳೆಯಿರಿ ಎಂದರು ಮಾರ್ಗದರ್ಶಿ. ಕವಲು ಹವಳದ ತುದಿಯ ಬಿಳುಪು ಕಂಡು ನನ್ನ ಎದೆ ಧಸಕ್ಕೆಂದಿತ್ತು. ಅದು ಹೊಸ ಚಿಗುರು, ಲೆಕ್ಕಕ್ಕಿಲ್ಲ ಎಂದು ಕೈಸನ್ನೆ ಮಾಡಿದರು.

ದೋಣಿಗೆ ಹತ್ತಿ ಹಲಗೆಗಳನ್ನು ಪಕ್ಕಪಕ್ಕ ಇಟ್ಟೆವು. ಏಣಿಯ ಬಲಕ್ಕಿದ್ದ ಗುಂಡು ಹವಳದ ತಿಳಿಭಾಗಕ್ಕೆ ನಾನು ನಾಲ್ಕು ಕೊಟ್ಟಿದ್ದೆ, ಅಕ್ಕ ಮೂರು.

"ನಿನ್ನ ಮಾಸ್ಕಿನಲ್ಲಿ ನೀರಿತ್ತು" ಎಂದಳು.

ಮಾರ್ಗದರ್ಶಿ ಗಡಿಯಾರ ನೋಡಿ, ಇನ್ನೂ ಹದಿನೈದು ನಿಮಿಷ ಇದೆ ಎಂದರು. ಮತ್ತೆ ಇಳಿದೆವು. ಇಬ್ಬರೂ ಮಗ್ಗುಲಲ್ಲಿ ತೇಲುತ್ತ, ಒಂದೇ ಚಾರ್ಟನ್ನು ಎರಡು ಕಡೆ ಹಿಡಿದು, ಉಸಿರು ಬಿಗಿಹಿಡಿದು ನೋಡಿದೆವು.

ಮೂರು.